ತೋಟ ಉಳಿದರೆ ಸಾಲದು, ಗುಡ್ಡೆಯೂ ಬೇಕು

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಹೆಚ್ಚಿನವರಿಗೆ ಅಡಿಕೆ ತೋಟ ಇದೆ. ಕೆಲವರಿಗೆ ರಬ್ಬರೂ ಇದೆ. ಹಾಗಾಗಿ ಹಕ್ಕಿಗಳ ಮಾತು ಎಂದು ನಮ್ಮ ಕಾಸರಗೋಡು ಜಿಲ್ಲೆಯ ರಾಣಿಪುರದ ಶೋಲಾ ಕಾಡಿನ, ಅಂದರೆ ಬೆಟ್ಟದ ಮೇಲಿನ ತಂಪು ಕಾಡಿನ, ಹಕ್ಕಿಗಳ ಪಟ್ಟಿ ಓದುವುದು ಬೇಡ. ನಮ್ಮ ಮನೆ ಸುತ್ತಿನ ಜಾಗ, ಅಲ್ಲಿನ ಹಕ್ಕಿಗಳ ಬಗ್ಗೆಯೇ ಮಾತಾಡೋಣ.

ಕಾಡು ಹೋದರೆ ಹಕ್ಕಿ ಕಡಿಮೆಯಾಗುತ್ತದೆ ಎಂದು ಎಲ್ಲರೂ ಹೇಳುತ್ತೇವೆ. ಆದರೆ ಸುಮ್ನೆ ತಲೆ ಎಣಿಸಿದರೆ ಕೆಲವು ಕಡೆ ಹಾಗೆ ಕಾಣುವುದೇ ಇಲ್ಲ. ಕಾಡು ಕಡಿದ ಜಾಗಕ್ಕೆ ಮೈನಾ, ಕಾಗೆ, ಪಿಕಳಾರ, ನವಿಲು ಬರುತ್ತವೆ. ಲೆಕ್ಕ ಜಾಸ್ತಿಯೂ ಆದೀತು. ಇವು ಬಯಲಲ್ಲೂ ಊರಲ್ಲೂ ಬದುಕಿಕೊಳ್ಳುತ್ತವೆ. ಕಾಡನ್ನೇ ನಂಬಿದ ಕಾಕರಣೆ ಹಕ್ಕಿಗೆ (ಟ್ರೋಗನ್), ದೊಡ್ಡ ಕೊಕ್ಕಿನ ಮಂಗಟ್ಟೆಗೆ (ಹಾರ್ನ್‌ಬಿಲ್) ಅದು ಆಗುವುದಿಲ್ಲ. ಆದ್ದರಿಂದ ಎಷ್ಟು ಹಕ್ಕಿ ಎಂದು ಕೇಳುವ ಮೊದಲು ಯಾವ ಹಕ್ಕಿ ಎಂದು ಕೇಳಬೇಕು.

ಉತ್ತರ ಕನ್ನಡದ ಅಡಿಕೆ ತೋಟಗಳ ಬಗ್ಗೆ 2008ರಲ್ಲಿ ಒಂದು ಅಧ್ಯಯನ ಬಂತು. ಆ ಭಾಗದ ಕಾಡಿಗೆ ಸೇರಿದ ಹಕ್ಕಿಗಳಲ್ಲಿ ಶೇಕಡಾ 90ರಷ್ಟು ಜಾತಿಗಳು, ಅಂದರೆ 51 ಜಾತಿಗಳು, ಅಡಿಕೆ ಬೆಳೆಯುವ ಜಾಗದಲ್ಲೂ ಸಿಕ್ಕಿದ್ದವು. ನಮಗೆಲ್ಲ ಹೆಮ್ಮೆ ಅನಿಸುವ ಮಾತು, ಅಲ್ವಾ? ಆದರೆ ಕಾರಣವನ್ನೂ ನೋಡಬೇಕು. ಅಧ್ಯಯನ ಮಾಡಿದವರು ಎರಡು ಕಾರಣ ಕೊಟ್ಟರು. ತೋಟದೊಳಗೆ ಅಡಿಕೆಯೊಂದೇ ಇರಲಿಲ್ಲ, ಬೇರೆ ಬೇರೆ ಎತ್ತರದ ಮಿಶ್ರ ಬೆಳೆಗಳಿದ್ದವು. ಇನ್ನೊಂದು, ತೋಟಕ್ಕೆ ಸೊಪ್ಪು, ತರಗೆಲೆ ಕೊಡುವ ಕಾಡು ಪಕ್ಕದಲ್ಲೇ ಇತ್ತು.

ಈ ಎರಡನೆಯ ಕಾರಣವೇ ನಮಗೆ ಮುಖ್ಯ. 1956ರ ಮೊದಲು ಕಾಸರಗೋಡು ದಕ್ಷಿಣ ಕನ್ನಡದಲ್ಲಿತ್ತು. ಆಗ ವರ್ಗದ (ಪಟ್ಟಾ) ಜಾಗದ ಸುತ್ತ 100 ಗಜದೊಳಗಿನ ಸರಕಾರಿ ಗುಡ್ಡೆಯಿಂದ ಸೊಪ್ಪು, ಸೌದೆ, ಹುಲ್ಲು ತರಲು ಕೃಷಿಕರಿಗೆ ಅವಕಾಶವಿತ್ತು. ಅದೇ ಕುಮ್ಕಿ. ಸೊಪ್ಪಿಗಾಗಿ ಉಳಿಸಿಕೊಂಡ ಗುಡ್ಡೆ ಹಕ್ಕಿಗೂ ಆಸರೆಯಾಯಿತು. ತೋಟದಲ್ಲಿ ಹುಳ ಹಿಡಿಯುವ ಭೀಮರಾಜ ಗೂಡು ಕಟ್ಟಲು ಗುಡ್ಡೆಯ ಮರಕ್ಕೆ ಹೋಗಬಹುದು. ಗುಡ್ಡೆಗೆ ರಬ್ಬರ್ ಬಂದ ಮೇಲೆ ತೋಟ ನೋಡಲು ಹಾಗೇ ಇರುತ್ತದೆ. ಅದರ ಬೆನ್ನಿಗಿದ್ದ ಕಾಡು ಮಾತ್ರ ಇರುವುದಿಲ್ಲ.

ರಬ್ಬರ್ ಇಟ್ಟವರನ್ನು ನಾನು ದೂರುವುದಿಲ್ಲ. ಕೊಳೆರೋಗ, ಕೂಲಿ, ಮಕ್ಕಳ ಫೀಸು ಎಲ್ಲ ಸೇರಿ ಆದ ತೀರ್ಮಾನ ಅದು. ಆದರೆ ಹಕ್ಕಿಯ ಕಡೆಯಿಂದ ನೋಡಿ. ಒಂದೇ ವಯಸ್ಸಿನ, ಒಂದೇ ಎತ್ತರದ ಮರಗಳು. ತಿನ್ನುವ ಹಣ್ಣಿಲ್ಲ. ಬುಡದ ಪೊದೆ ಸವರಿರುತ್ತದೆ. ಚಳಿ ಮುಗಿಯುವ ಹೊತ್ತಿಗೆ ಎಲೆಯೂ ಉದುರುತ್ತದೆ. ಪೊದೆಯ ಮರೆಯಲ್ಲಿ ನೆಲ ಕೆದಕಿ ಹುಳ ಹುಡುಕುವ ನವರಂಗ ಅಲ್ಲಿ ಏನು ಮಾಡೀತು? ಕಾಫಿ ತೋಟಗಳಲ್ಲಿ ಹಕ್ಕಿ ಜಾಸ್ತಿ ಇರುವುದಕ್ಕೂ ಇದೇ ಲೆಕ್ಕ. ಅಲ್ಲಿ ನೆರಳಿಗೆಂದು ಕಾಡುಮರಗಳನ್ನು ಉಳಿಸಿಕೊಂಡಿರುತ್ತಾರೆ.

ಮಂಗಟ್ಟೆಯದು ಇನ್ನೂ ಕಷ್ಟ. ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲು ಮುಚ್ಚಿಕೊಳ್ಳುತ್ತದೆ. ಒಂದು ಸೀಳು ಬಿಟ್ಟಿರುತ್ತದೆ, ಅದರ ಮೂಲಕ ಗಂಡು ಊಟ ಕೊಡಬೇಕು. ಇಷ್ಟು ದೊಡ್ಡ ಪೊಟರೆ ಅಡಿಕೆ ಮರದಲ್ಲಿ ಹುಟ್ಟುವುದಿಲ್ಲ, ರಬ್ಬರಿನಲ್ಲೂ ಇಲ್ಲ. ಅದಕ್ಕೆ ದಪ್ಪ ಕಾಂಡದ ಹಳೆಯ ಮರವೇ ಬೇಕು. ಊಟಕ್ಕೆ ಗೋಳಿ, ಅತ್ತಿ ಬೇಕು. ನಮ್ಮಲ್ಲಿ ಇಂಥ ಮರಗಳು ಉಳಿದಿರುವುದು ನಾಗಬನ, ಕಾವುಗಳಂಥ ದೇವರ ಕಾಡುಗಳಲ್ಲಿ. ಬನ ಚಿಕ್ಕದು ಎಂದು ಸದರ ಮಾಡಬೇಡಿ. ಬನದ ಮರ ಕಡಿದು ಕಾಂಕ್ರೀಟ್ ಕಟ್ಟೆ ಕಟ್ಟುವುದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಪದವಿನ, ಅಂದರೆ ಮುರಕಲ್ಲು (ಜಂಬಿಟ್ಟಿಗೆ) ಹಾಸಿದ ಬಯಲಿನ ವಿಷಯ ಪೂರ್ತಿ ಬೇರೆ. ಅದನ್ನು ಬಂಜರು ಎಂದು ಅಕೇಶಿಯಾ ನೆಟ್ಟರೆ ಕಾಡು ಆಗುವುದಿಲ್ಲ. ಅಲ್ಲಿ ನೆಲದ ಮೇಲೆಯೇ ಮೊಟ್ಟೆ ಇಡುವ ಟಿಟ್ಟಿಭ, ನೆಲಗುಬ್ಬಿಗಳು ಜಾಗ ಕಳೆದುಕೊಳ್ಳುತ್ತವೆ, ಅಷ್ಟೇ.

ಇನ್ನು ಗೇರು ತೋಟ. ಗೇರು ಮರ ಕೆಟ್ಟದ್ದಲ್ಲ. ಆದರೆ ನಮ್ಮ ಜಿಲ್ಲೆಯ ಎಣ್ಮಕಜೆಯ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದರ ನೋವು ಇಂದೂ ಮನೆಮನೆಯಲ್ಲಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕದ ತಯಾರಿಕೆ, ಮಾರಾಟ, ಬಳಕೆಯನ್ನೇ ದೇಶದಲ್ಲಿ ತಡೆಯಿತು. ಜಾಗದಲ್ಲಿ ಏನು ಬೆಳೆಯುತ್ತೇವೆ ಎಂಬುದರಷ್ಟೇ ಹೇಗೆ ಬೆಳೆಯುತ್ತೇವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಈಗ ಕೇಳಿಕೊಳ್ಳುವುದಿಷ್ಟು. ರಬ್ಬರ್ ಇದ್ದರೆ ತೋಡಿನ ಬದಿಯ ಕಾಡುಮರಗಳನ್ನಾದರೂ ಬಿಡಿ. ತೋಟದ ಅಂಚಿಗೆ ಕಳೆನಾಶಕ ಬೇಡ, ಕತ್ತಿಯಲ್ಲಿ ಸವರಿದರೆ ಸಾಕು. ತಲೆ ಹೋದ ತೆಂಗಿನ ಮರದಿಂದ ಅಪಾಯವಿಲ್ಲದಿದ್ದರೆ ನಿಲ್ಲಲಿ, ಮರಕುಟಿಗ ಕೊರೆದ ತೂತಿನಲ್ಲಿ ಗಿಳಿ, ಮೈನಾ ಮರಿ ಮಾಡುತ್ತವೆ. ಕಾಸರಕದ ಮರವನ್ನು ವಿಷದ ಮರ ಎಂದು ಕಡಿಯಬೇಡಿ. ವಿಷ ಮುಖ್ಯವಾಗಿ ಇರುವುದು ಬೀಜದಲ್ಲಿ. ಹಣ್ಣಿನ ತಿರುಳನ್ನು ಮಂಗಟ್ಟೆ ತಿನ್ನುತ್ತದೆ. 2023ರಿಂದ ಅದು ನಮ್ಮ ಜಿಲ್ಲೆಯ ಮರವೂ ಹೌದು. ನಿಮ್ಮ ಗುಡ್ಡೆಯಲ್ಲಿ ಯಾವ ಮರ ಬಿಡಬಹುದು, ಯಾವುದು ಕಷ್ಟ ಎಂದು ಈಗ ನೀವು ಹೇಳಿ, ಒಂದೊಂದಾಗಿ ಮಾತಾಡೋಣ.