ರೇಖಾಂಶ ಅಂದ್ರೆ ಟೈಮು

ಎಲ್ಲ ಕೇಳುಗರಿಗೂ ನಮಸ್ಕಾರ. ನಂಗೆ ಕೊಟ್ಟಿರೋದು ಐದೇ ನಿಮಿಷ, ಅದಕ್ಕೆ ವಿಷಯ ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಕುಕ್ಕರ್ ಕೂಗಿ ನೀವು ಎದ್ದು ಹೋದ್ರೂ ಬೇಜಾರಿಲ್ಲ. ರೇಖಾಂಶ ಅಂದ್ರೆ ಟೈಮು. ಅಷ್ಟೇ.

ನಡುಸಮುದ್ರದಲ್ಲಿದೀರಿ ಅಂದ್ಕೊಳ್ಳಿ. ಉತ್ತರ ದಕ್ಷಿಣದ ಲೆಕ್ಕ ಕಷ್ಟ ಇಲ್ಲ, ಧ್ರುವ ನಕ್ಷತ್ರ ಎಷ್ಟು ಡಿಗ್ರಿ ಮೇಲೆ ಕಾಣುತ್ತೋ ಅದೇ ನಿಮ್ಮ ಅಕ್ಷಾಂಶ, ಮಂಗಳೂರಲ್ಲಿ ಸುಮಾರು 13. ಪೂರ್ವ ಪಶ್ಚಿಮಕ್ಕೆ, ಅಂದ್ರೆ ರೇಖಾಂಶಕ್ಕೆ, ಅಂಥ ನಿಂತ ನಕ್ಷತ್ರ ಯಾವುದೂ ಇಲ್ಲ, ಎಲ್ಲಾ ತಿರುಗ್ತಾನೇ ಇರುತ್ತೆ. ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗುತ್ತೆ, ಗಂಟೆಗೆ 15 ಆಯ್ತು. ಹಡಗಲ್ಲಿ ಸೂರ್ಯ ನಡುಮಧ್ಯಾಹ್ನಕ್ಕೆ ಬಂದಾಗ ಲಂಡನ್ ಟೈಮು ಎರಡು ಗಂಟೆ ಆಗಿದ್ರೆ, ನೀವು ಲಂಡನ್ನಿಂದ 30 ಡಿಗ್ರಿ ಪಶ್ಚಿಮಕ್ಕಿದೀರಿ. ಬರೀ ಮಗ್ಗಿ! ನಮ್ಮ ಇಂಡಿಯನ್ ಟೈಮೂ ಹಾಗೇ, ಲಂಡನ್ನಿಗಿಂತ ಐದೂವರೆ ಗಂಟೆ ಮುಂದೆ, ಇಂಟು 15, ಅಂದ್ರೆ 82.5 ಡಿಗ್ರಿ ಪೂರ್ವ.

ಹಾಗಾದ್ರೆ ಲಂಡನ್ ಟೈಮಿಟ್ಟ ಗಡಿಯಾರ ಒಂದು ತಗೊಂಡು ಹೋದ್ರಾಯ್ತಲ್ಲ ಅಂತೀರಿ. ಅದೇ ಇರ್ಲಿಲ್ಲ ಸ್ವಾಮಿ. ಹಡಗು ಓಲಾಡಿದ್ರೆ ಲೋಲಕ ಕೆಡುತ್ತೆ, ಬಿಸಿಲಿಗೆ ಲೋಹ ಹಿಗ್ಗುತ್ತೆ, ಚಳಿಗೆ ಎಣ್ಣೆ ಗಟ್ಟಿಯಾಗುತ್ತೆ. 1707ರಲ್ಲಿ ಎಲ್ಲಿದೀವಿ ಅನ್ನೋ ಅಂದಾಜು ತಪ್ಪಿ ಬ್ರಿಟಿಷ್ ನೌಕಾಪಡೆಯ ನಾಲ್ಕು ಹಡಗು ಸಿಲಿ ದ್ವೀಪಗಳ ಬಂಡೆಗೆ ಬಡಿದು ಮುಳುಗಿದ್ವು, ಸಾವಿರಕ್ಕೂ ಹೆಚ್ಚು ಜನ ಹೋದ್ರು. 1714ರಲ್ಲಿ ಪಾರ್ಲಿಮೆಂಟು, ಸಮುದ್ರದಲ್ಲಿ ರೇಖಾಂಶ ಕಂಡುಹಿಡಿಯೋ ದಾರಿ ತೋರಿಸಿದವರಿಗೆ ಅಂತ 20,000 ಪೌಂಡ್ ಬಹುಮಾನ ಇಡ್ತು.

ಇದಕ್ಕೆ ಕೈ ಹಾಕಿದ್ದು ಜಾನ್ ಹ್ಯಾರಿಸನ್, ಮರಗೆಲಸದವ, ನಮ್ಮೂರ ಕಡೆ ಆಚಾರಿ ಅಂತೀವಲ್ಲ ಹಾಗೆ. ಮೊದಲು ಮಾಡಿದ್ದು ಎತ್ತೋಕೆ ಇಬ್ಬರು ಬೇಕಾಗೋ ಗಡಿಯಾರ, ಆಮೇಲೆ ಇನ್ನೆರಡು, ಕೊನೆಗೆ 1759ರಲ್ಲಿ ಮುಗಿಸಿದ್ದು ಹದಿಮೂರು ಸೆಂಟಿಮೀಟರಿನ ವಾಚು. 1761ರಲ್ಲಿ ಅದನ್ನ ಹಿಡ್ಕೊಂಡು ಮಗ ವಿಲಿಯಂ ಡೆಪ್ಟ್‌ಫರ್ಡ್ ಅನ್ನೋ ಹಡಗು ಹತ್ತಿ ಜಮೈಕಾಕ್ಕೆ ಹೊರಟ. ಈಗ ನೋಡಿ ಮಜಾ. ಸ್ವಲ್ಪ ದಿನಕ್ಕೇ ಹಡಗಿನ ಬಿಯರ್ ಹಳಸಿ ಹೋಯ್ತು, ಸಮುದ್ರಕ್ಕೆ ಸುರಿದ್ರು. ಆ ಕಾಲದ ನಾವಿಕರಿಗೆ ಬಿಯರ್ ಇಲ್ಲ ಅಂದ್ರೆ ನಮ್ಮನೇಲಿ ಕಾಫಿಪುಡಿ ಖಾಲಿ ಆದ ಹಾಗಲ್ಲ, ಅದಕ್ಕಿಂತ ಕಡೆ, ಬರೀ ನೀರು ಕುಡ್ಕೊಂಡು ಎಲ್ಲರ ಮುಖ ಸಪ್ಪೆ. ಮದೀರಾ ದ್ವೀಪ ಸಿಕ್ಕಿದ್ರೆ ವೈನಾದ್ರೂ ತುಂಬಿಸ್ಕೋಬಹುದು, ಆದ್ರೆ ಮದೀರಾ ಎಲ್ಲಿ? ಕ್ಯಾಪ್ಟನ್ ಡಿಗ್ಸ್ ತನ್ನ ಲೆಕ್ಕ ಹೇಳ್ದ. ವಿಲಿಯಂ ವಾಚು ನೋಡಿ, ಇಲ್ಲ ಸಾರ್, ಒಂದೂವರೆ ಡಿಗ್ರಿ ತಪ್ಪು, ಇದೇ ದಿಕ್ಕಲ್ಲಿ ಹೋಗಿ, ನಾಳೆ ಕಾಣುತ್ತೆ ಅಂದ. ಕ್ಯಾಪ್ಟನ್ ಒಂದಕ್ಕೆ ಐದು ಬೆಟ್ ಕಟ್ತೀನಿ ಅಂತ ನಿಂತ, ಆದ್ರೂ ಪುಣ್ಯಾತ್ಮ ದಿಕ್ಕು ಬದಲಿಸಲಿಲ್ಲ. ಬೆಳಗಾಗೆದ್ದು ನೋಡ್ತಾರೆ, ಎದುರಿಗೇ ನೆಲ! ಇಂಥ ವಾಚು ಮಾರಾಟಕ್ಕೆ ಬಂದ್ರೆ ಮೊದಲನೇದು ನಂಗೆ ಅಂದ ಅದೇ ಕ್ಯಾಪ್ಟನ್. ಜಮೈಕಾದಲ್ಲಿ ತಾಳೆ ನೋಡೋ ಹೊತ್ತಿಗೆ 81 ದಿನ, ವಾಚು ಹಿಂದೆ ಬಿದ್ದಿದ್ದು ಬರೀ ಐದು ಸೆಕೆಂಡು.

ದುಡ್ಡು ಕೊಟ್ರಾ? ಎಲ್ಲಿ! ಅದೃಷ್ಟ ಅಂದ್ರು, ಇನ್ನೊಂದ್ಸಲ ಟೆಸ್ಟ್ ಅಂದ್ರು, ಅರ್ಧ ಕೊಟ್ಟು ಸತಾಯಿಸಿದ್ರು. ರಾಜ ಮೂರನೇ ಜಾರ್ಜ್ ಮಧ್ಯೆ ಬಂದ ಮೇಲೆ 1773ರಲ್ಲಿ ಉಳಿದದ್ದರಲ್ಲಿ 8,750 ಪೌಂಡ್ ಕೈಗೆ ಬಂತು, ಮುದುಕನಿಗೆ ಆಗ ಎಂಬತ್ತು.

ಅಯ್ಯೋ, ಗಾಜಿನ ಆಚೆಯಿಂದ ಕೈ ತೋರಿಸ್ತಿದಾರೆ. ಚಂದ್ರ ನಕ್ಷತ್ರಗಳ ನಡುವಿನ ಅಂತರ ಅಳೆಯೋ ಇನ್ನೊಂದು ದಾರಿನೂ ಇತ್ತು, ಮ್ಯಾಸ್ಕಲಿನ್ ಅನ್ನೋ ಖಗೋಳಜ್ಞರು ಅದಕ್ಕೆ 1767ರಿಂದ ಪಂಚಾಂಗನೇ ಹೊರಡಿಸಿದ್ರು, ಅದರಲ್ಲೂ ಹುಡುಕ್ತಿದ್ದದ್ದು ಟೈಮೇ, ಚಂದ್ರನೇ ಮುಳ್ಳು. ನಿಮ್ಮ ಫೋನಿನ ಜಿಪಿಎಸ್ಸೂ ಅಷ್ಟೇ, ಮೇಲಿರೋ ಉಪಗ್ರಹಗಳಲ್ಲಿ ಇರೋದು ಗಡಿಯಾರ. ಮಂಗಳೂರಿನ ಮಕ್ಕಳೇ, ನಾಳೆ ಅಂಗಳದಲ್ಲಿ ಒಂದು ಕೋಲು ನೆಡಿ, ನೆರಳು ತುಂಬಾ ಗಿಡ್ಡ ಆಗೋದು ಹನ್ನೆರಡಕ್ಕಲ್ಲ, ಹನ್ನೆರಡೂವರೆ ಆಸುಪಾಸು. ಯಾಕೆ ಅಂತ 82.5ರಿಂದ ನೀವೇ ಲೆಕ್ಕ ಹಾಕಿ. ನಮಸ್ಕಾರ.