ಆಗಲೇ ಬರೆದಿಟ್ಟಿದ್ದ ಕಾಗದ

ಎಲ್ಲರಿಗೂ ನಮಸ್ಕಾರ.

ಪ್ರೀತಿ, ಕನಸು, ಕಲ್ಪನೆ ಈ ಮೂರರ ಬಗ್ಗೆ ಮಾತನಾಡಬೇಕೆಂದು ಕರೆದಾಗ ನನ್ನ ಕಣ್ಣ ಮುಂದೆ ಮೊದಲು ಬಂದದ್ದು ಒಂದು ಲಕೋಟೆ. ರಷ್ಯಾದ ಪೀಟರ್ಸ್‌ಬರ್ಗ್ ನಗರದ ಕಾಲುವೆಯ ದಂಡೆ. ಹೊತ್ತು ರಾತ್ರಿ, ಆದರೆ ಕತ್ತಲಿಲ್ಲ. ಹದಿನೇಳರ ಹುಡುಗಿಯೊಬ್ಬಳು ಇಪ್ಪತ್ತಾರರ ತರುಣನ ಕೈಗೆ ಕಾಗದವೊಂದನ್ನು ತುರುಕುತ್ತಾಳೆ. ಕಾಗದ ಅವಳು ಪ್ರೀತಿಸುತ್ತಿರುವ ಇನ್ನೊಬ್ಬನಿಗೆ. ತಲುಪಿಸುವ ಕೆಲಸ ಇವನದು. ಇವನಿಗೋ ಆಗಲೇ ಅವಳ ಮೇಲೆ ಜೀವ.

ಇದು ದಾಸ್ತೋವ್‌ಸ್ಕಿಯ ‘ಬಿಳಿರಾತ್ರಿಗಳು’ ಎಂಬ ನೀಳ್ಗತೆ. 1848ರಲ್ಲಿ ಪ್ರಕಟವಾಯಿತು. ಆಗ ಲೇಖಕನಿಗೆ ಇಪ್ಪತ್ತೇಳು ವರ್ಷ. ಈ ಕಾಗದದ ಬಳಿಗೆ ಮತ್ತೆ ಬರುತ್ತೇನೆ. ಅದಕ್ಕೆ ಮೊದಲು ಇನ್ನೊಂದು ಬೇಸಗೆಯ ರಾತ್ರಿಯನ್ನು, ಅದಕ್ಕಿಂತ ಎರಡೂವರೆ ಶತಮಾನ ಹಿಂದಿನದನ್ನು, ನೋಡಬೇಕು. ಹಾಗೆ ಸುತ್ತು ಹಾಕಿ ಬಂದರೆ ಮಾತ್ರ ಕಾಗದದ ಭಾರ ಎಷ್ಟೆಂದು ತಿಳಿಯುತ್ತದೆ.

ಷೇಕ್ಸ್‌ಪಿಯರನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಿಮಗೆ ಗೊತ್ತು. 1595-96ರ ಸುಮಾರಿಗೆ ಬರೆದದ್ದು, 1600ರಲ್ಲಿ ಮೊದಲು ಅಚ್ಚಾಯಿತು. ಕನ್ನಡಕ್ಕೆ ಅದನ್ನು ಎಂ. ಎಲ್. ಶ್ರೀಕಂಠೇಶಗೌಡರು ‘ಪ್ರಮೀಳಾರ್ಜುನೀಯ’ ಎಂದು ತಂದರು. ಆ ಹೆಸರನ್ನು ಆರಿಸಿದ ಜಾಣ್ಮೆಯನ್ನು ಒಂದು ಕ್ಷಣ ಗಮನಿಸಿ. ಮೂಲದಲ್ಲಿ ಅಥೆನ್ಸಿನ ದೊರೆ ಥೀಸಿಯಸ್, ತಾನು ಯುದ್ಧದಲ್ಲಿ ಗೆದ್ದ ಅಮೆಜಾನ್ ರಾಣಿ ಹಿಪಾಲಿಟಾಳನ್ನು ಮದುವೆಯಾಗಲು ಹೊರಟಿದ್ದಾನೆ. ಜೈಮಿನಿ ಭಾರತವನ್ನು ಓದಿ ಬೆಳೆದ ಕನ್ನಡಿಗನಿಗೆ ಸ್ತ್ರೀರಾಜ್ಯದ ಪ್ರಮೀಳೆ ಮತ್ತು ಅಶ್ವಮೇಧದ ಕುದುರೆಯ ಹಿಂದೆ ಹೋದ ಅರ್ಜುನ ಅಲ್ಲದೆ ಇನ್ನಾರು ನೆನಪಾಗಬೇಕು? ಇದಕ್ಕಿಂತ ಸರಿಯಾದ ಜೋಡಿ ಸಿಗುತ್ತಿರಲಿಲ್ಲ.

ಹೆಸರಿನಲ್ಲೇ ಕನಸನ್ನು ಇಟ್ಟುಕೊಂಡ ಈ ನಾಟಕದಲ್ಲಿ ಒಬ್ಬರು ನಿಜವಾಗಿ ನಿದ್ದೆಯಲ್ಲಿ ಕಾಣುವ ಕನಸು ಒಂದೇ ಒಂದು. ಅದು ಹರ್ಮಿಯಾಳದು. ಪ್ರಿಯತಮ ಲೈಸ್ಯಾಂಡರನ ಜೊತೆ ಮನೆ ಬಿಟ್ಟು ಬಂದು ಕಾಡಿನಲ್ಲಿ ಮಲಗಿದ್ದಾಳೆ. ಹಾವೊಂದು ತನ್ನ ಹೃದಯವನ್ನು ತಿನ್ನುತ್ತಿದೆ, ಲೈಸ್ಯಾಂಡರ್ ಪಕ್ಕದಲ್ಲಿ ನಗುತ್ತಾ ಕುಳಿತು ನೋಡುತ್ತಿದ್ದಾನೆ ಎಂದು ಕನಸು ಕಂಡು ಬೆಚ್ಚಿ ಏಳುತ್ತಾಳೆ. ಎದ್ದು ನೋಡಿದರೆ ಅವನಿಲ್ಲ. ಅವಳು ಮಲಗಿದ್ದಾಗಲೇ ಪಕ್ ಎಂಬ ತುಂಟ ಯಕ್ಷ, ಎದ್ದಾಗ ಮೊದಲು ಕಂಡವರ ಮೇಲೆ ಮೋಹ ಹುಟ್ಟಿಸುವ ಹೂವಿನ ರಸವನ್ನು ಅವನ ರೆಪ್ಪೆಗೆ ಹಿಂಡಿದ್ದಾನೆ, ಅವನು ಅವಳ ಗೆಳತಿ ಹೆಲೆನಾಳ ಹಿಂದೆ ಓಡಿದ್ದಾನೆ. ಎಚ್ಚರವಿದ್ದವರೆಲ್ಲ ಆ ರಾತ್ರಿ ಭ್ರಮೆಯಲ್ಲಿ ಅಲೆಯುತ್ತಿರುವಾಗ ನಿದ್ದೆಯಲ್ಲಿದ್ದ ಹುಡುಗಿಗೆ ಮಾತ್ರ ಸತ್ಯ ಕಂಡಿತು. ಇಡೀ ನಾಟಕದಲ್ಲಿ ಇದಕ್ಕಿಂತ ಭಯಂಕರವಾದ ಗಳಿಗೆ ಇಲ್ಲ. ಅದನ್ನು ಷೇಕ್ಸ್‌ಪಿಯರ್ ಗದ್ದಲದ ನಗುವಿನ ನಡುವೆ ಇಟ್ಟಿದ್ದಾನೆ.

ಆ ರಸದ ವಿಷಯಕ್ಕೆ ಬರೋಣ. ಕೊನೆಗೆ ಲೈಸ್ಯಾಂಡರನ ಕಣ್ಣಿನಿಂದ ಅದನ್ನು ತೊಳೆಯುತ್ತಾರೆ, ಯಕ್ಷಿಣಿ ರಾಣಿ ಟೈಟೇನಿಯಾಳ ಕಣ್ಣಿನಿಂದಲೂ ತೊಳೆಯುತ್ತಾರೆ. ಹೆಲೆನಾ ಪ್ರೀತಿಸುವ, ಆದರೆ ಮೊದಲು ಹರ್ಮಿಯಾಳನ್ನು ಬಯಸಿದ್ದ ಡೆಮೀಟ್ರಿಯಸನ ಕಣ್ಣಿನಿಂದ ಮಾತ್ರ ತೊಳೆಯುವುದಿಲ್ಲ. ತೊಳೆದಿದ್ದರೆ ಅವನು ಹೆಲೆನಾಳನ್ನು ಬಿಟ್ಟು ಮತ್ತೆ ಹರ್ಮಿಯಾಳ ಹಿಂದೆ ಬೀಳುತ್ತಿದ್ದನೇನೋ. ಆಗ ಮೂರು ಮದುವೆಗಳ ಲೆಕ್ಕ ಕೂಡುತ್ತಿರಲಿಲ್ಲ. ಹಾಗಾಗಿ ಒಬ್ಬ ಗಂಡಸು ಜೀವಮಾನವಿಡೀ ಮದ್ದಿನ ಗುಂಗಿನಲ್ಲೇ ಇರುತ್ತಾನೆ, ನಾವು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತೇವೆ.

ಟೈಟೇನಿಯಾಳ ಕಥೆ ನನಗೆ ಇನ್ನೂ ಹತ್ತಿರದ್ದು. ಅವಳೂ ಅವಳ ಗಂಡ ಓಬೆರಾನನೂ ಜಗಳವಾಡುವುದು ಒಂದು ಮಗುವಿಗಾಗಿ, ಭಾರತದ ಮಗುವಿಗಾಗಿ. ಆ ಮಗುವಿನ ತಾಯಿ ಟೈಟೇನಿಯಾಳ ಭಕ್ತೆ, ಗೆಳತಿ. ಸಾಂಬಾರ ಪದಾರ್ಥಗಳ ವಾಸನೆಯ ಭಾರತದ ಇರುಳುಗಾಳಿಯಲ್ಲಿ ಇಬ್ಬರೂ ಕಡಲ ದಂಡೆಯ ಹಳದಿ ಮರಳಿನ ಮೇಲೆ ಕುಳಿತು ವ್ಯಾಪಾರದ ಹಡಗುಗಳನ್ನು ನೋಡುತ್ತಿದ್ದರಂತೆ. ಗಾಳಿ ತುಂಬಿ ಹಾಯಿಗಳು ಬಸುರಿಯ ಹೊಟ್ಟೆಯ ಹಾಗೆ ಉಬ್ಬುವುದನ್ನು ಕಂಡು ನಗುತ್ತಿದ್ದರಂತೆ. ಗರ್ಭಿಣಿಯಾಗಿದ್ದ ಗೆಳತಿ ಆ ಹಡಗುಗಳನ್ನು ಅನುಕರಿಸುತ್ತಾ ಮರಳಿನ ಮೇಲೆ ತೇಲಿದಂತೆ ನಡೆದು ಹೋಗಿ, ಸರಕು ತುಂಬಿಕೊಂಡು ಬಂದ ಹಡಗಿನಂತೆ ಸಣ್ಣಪುಟ್ಟ ವಸ್ತುಗಳನ್ನು ಹಿಡಿದು ಬರುತ್ತಿದ್ದಳಂತೆ. ನಮ್ಮ ಕರಾವಳಿಯಲ್ಲಿ ನಿಂತು ಕಡಲು ನೋಡಿದವರಿಗೆ ಈ ಸಾಲುಗಳು ಬೇರೆಯೇ ರೀತಿ ತಾಗುತ್ತವೆ. ಆ ಗೆಳತಿ ಹೆರಿಗೆಯಲ್ಲಿ ತೀರಿಕೊಂಡಳು. ‘ಅವಳ ಸಲುವಾಗಿ ಈ ಮಗುವನ್ನು ಸಾಕುತ್ತಿದ್ದೇನೆ, ಅವಳ ಸಲುವಾಗಿ ಬಿಟ್ಟುಕೊಡಲಾರೆ’ ಎನ್ನುತ್ತಾಳೆ ಟೈಟೇನಿಯಾ.

ಆಮೇಲೆ ಕಣ್ಣಿಗೆ ರಸ ಬೀಳುತ್ತದೆ. ಕತ್ತೆಯ ತಲೆ ಹೊತ್ತ ನೇಕಾರ ಬಾಟಮನ ಮೇಲೆ ಅವಳಿಗೆ ಮೋಹ. ಆ ಮೋಹದ ನಡುವೆ ಓಬೆರಾನ್ ಕೇಳಿದ ತಕ್ಷಣ ಮಗುವನ್ನು ಕೊಟ್ಟುಬಿಡುತ್ತಾಳೆ. ಎಚ್ಚರವಾದ ಮೇಲೆ ಆ ಮಗುವಿನ ಬಗ್ಗೆ, ಮರಳಿನ ಮೇಲೆ ನಡೆದ ಗೆಳತಿಯ ಬಗ್ಗೆ ಅವಳು ಒಂದು ಮಾತನ್ನೂ ಆಡುವುದಿಲ್ಲ. ಕತ್ತೆಯ ತಲೆಯ ದೃಶ್ಯಕ್ಕೆ ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಈ ಮೌನದ ಬಳಿ ಬಂದಾಗ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ನಾನು ಹೇಳಬೇಕೆಂದಿರುವುದು ಇಷ್ಟೇ: ಹರ್ಷನಾಟಕದ ಸುಖಾಂತ್ಯಕ್ಕೆ ಯಾರೋ ಒಬ್ಬರು ಬೆಲೆ ತೆತ್ತಿರುತ್ತಾರೆ. ನಾಟಕಕ್ಕೆ ಅವರ ಬಳಿ ನಿಲ್ಲಲು ಪುರುಸೊತ್ತಿಲ್ಲ, ಮದುವೆಯ ಮುಹೂರ್ತ ಹತ್ತಿರವಾಗಿರುತ್ತದೆ. ಸಣ್ಣಕಥೆ ಬಂದು ಅವರ ಪಕ್ಕದಲ್ಲಿ ಕುಳಿತುಕೊಂಡಿತು.

ಬಾಟಮನನ್ನೇ ನೋಡಿ. ಕಾಡಿನಲ್ಲಿ ಒಬ್ಬನೇ ಎದ್ದು ಕುಳಿತು ‘ನನಗೊಂದು ಅಪರೂಪದ ದರ್ಶನವಾಯಿತು’ ಎನ್ನುತ್ತಾನೆ. ತಲೆಯ ಮೇಲೆ ಕೈ ಹೋಗುತ್ತದೆ, ಕಿವಿಯ ಜಾಗ ತಡವುತ್ತಾನೆ, ಮಾತು ಮುಂದುವರಿಯುವುದಿಲ್ಲ. ಮನುಷ್ಯನ ಕಣ್ಣು ಕೇಳದ್ದು, ಕಿವಿ ನೋಡದ್ದು ಎಂದು ಇಂದ್ರಿಯಗಳನ್ನೆಲ್ಲ ಅದಲುಬದಲು ಮಾಡುತ್ತಾನೆ. ಬೈಬಲಿನ ಮಾತೊಂದು ಅವನ ಬಾಯಲ್ಲಿ ಹೀಗೆ ತಲೆಕೆಳಗಾಗಿದೆ. ಗೆಳೆಯ ಕ್ವಿನ್ಸನಿಗೆ ಹೇಳಿ ಇದನ್ನು ಲಾವಣಿ ಕಟ್ಟಿಸುತ್ತೇನೆ ಎಂದು ಹೊರಡುತ್ತಾನೆ. ಗೆಳೆಯರು ಸಿಕ್ಕಾಗ ‘ಅದ್ಭುತಗಳನ್ನು ಹೇಳಬೇಕಿದೆ, ಆದರೆ ಏನೆಂದು ಕೇಳಬೇಡಿ’ ಎಂದು ಬಾಯಿ ಮುಚ್ಚಿಕೊಳ್ಳುತ್ತಾನೆ. ಯಕ್ಷಿಣಿ ರಾಣಿ ಒಂದು ರಾತ್ರಿ ಪ್ರೀತಿಸಿದ ನೇಕಾರ ಮರುದಿನ ಮಗ್ಗದ ಮುಂದೆ ಹೇಗೆ ಕುಳಿತ? ನಾಟಕ ಹೇಳುವುದಿಲ್ಲ. ದಾಸ್ತೋವ್‌ಸ್ಕಿಯ ಕಥೆ ಆರಂಭವಾಗುವುದು ಇಂಥವನೊಬ್ಬನಿಂದ.

ಕಥೆ ಹೇಳುವ ತರುಣನಿಗೆ ಹೆಸರಿಲ್ಲ. ತನ್ನನ್ನು ಕನಸುಗಾರ ಎಂದಷ್ಟೇ ಕರೆದುಕೊಳ್ಳುತ್ತಾನೆ. ಪೀಟರ್ಸ್‌ಬರ್ಗಿಗೆ ಬಂದು ಎಂಟು ವರ್ಷವಾದರೂ ಒಬ್ಬರ ಪರಿಚಯವಿಲ್ಲ, ಬೀದಿಯ ಮನೆಗಳೇ ಅವನ ನೆಂಟರು. ಗುಲಾಬಿ ಬಣ್ಣದ ಪುಟ್ಟ ಮನೆಯೊಂದು ‘ನನಗೆ ಹಳದಿ ಬಳಿಯುತ್ತಿದ್ದಾರೆ!’ ಎಂದು ಅವನ ಬಳಿ ಗೋಳಾಡುತ್ತದೆ. ಕೋಣೆಯಲ್ಲಿ ಕುಳಿತೇ ಇಟಲಿಯ ಅರಮನೆ, ಮುದಿ ಗಂಡನ ಕೈಯಲ್ಲಿ ಸಿಕ್ಕ ಸುಂದರಿ, ವಿರಹ, ವರ್ಷಗಳ ನಂತರದ ಭೇಟಿ ಎಲ್ಲವನ್ನೂ ಬದುಕಿ ಮುಗಿಸಿದ್ದಾನೆ. ನಾಲ್ಕು ರಾತ್ರಿ, ಒಂದು ಬೆಳಗು: ಕಥೆಯ ಅಳತೆ ಅಷ್ಟೇ.

ಕಾಗದ ಕೊಟ್ಟ ಹುಡುಗಿ ನಾಸ್ತೆಂಕಾಳ ಬದುಕು ಅದಕ್ಕೆ ತದ್ವಿರುದ್ಧ. ಕುರುಡಿ ಅಜ್ಜಿ, ಮೊಮ್ಮಗಳು ಕಣ್ತಪ್ಪಿಸಿ ಹೋಗದಂತೆ ಅವಳ ಲಂಗವನ್ನು ತನ್ನ ಲಂಗಕ್ಕೆ ಪಿನ್ನು ಹಾಕಿ ಕೂರಿಸಿಕೊಂಡಿದ್ದಾಳೆ. ಹೊಸದಾಗಿ ಬಂದ ಬಾಡಿಗೆಯ ತರುಣ ಬಾಗಿಲಲ್ಲಿ ಕಾಣಿಸಿದಾಗ ಹುಡುಗಿ ಪಿನ್ನು ಮರೆತು ದಡಬಡಿಸಿ ಏಳುತ್ತಾಳೆ; ಅಜ್ಜಿಯ ಕುರ್ಚಿಯೇ ಅವಳ ಹಿಂದೆ ಜಗ್ಗಿಕೊಂಡು ಬರುತ್ತದೆ. ನಾಚಿಕೆಯಿಂದ ಅಳು ಬರುತ್ತದೆ. ಆ ತರುಣ ಓದಲು ಪುಸ್ತಕ ಕಳಿಸುತ್ತಾನೆ. ಅಜ್ಜಿ, ರಟ್ಟಿನೊಳಗೆ ಪ್ರೇಮಪತ್ರ ಸೇರಿಸಿದ್ದಾನೆಯೋ ನೋಡು ಎನ್ನುತ್ತಾಳೆ. ಕೊನೆಗೆ ಒಂದು ದಿನ ಅವನು ಅಜ್ಜಿ ಮೊಮ್ಮಗಳಿಬ್ಬರನ್ನೂ ‘ಸೆವಿಲ್ಲೆಯ ಕ್ಷೌರಿಕ’ ಸಂಗೀತನಾಟಕಕ್ಕೆ ಆಹ್ವಾನಿಸುತ್ತಾನೆ.

ಇಲ್ಲಿ ಹರ್ಷನಾಟಕವೊಂದು ಕಥೆಯೊಳಗೆ ಬಂದು ಕೂರುತ್ತದೆ. ಈ ‘ಕ್ಷೌರಿಕ’ ಮೂಲದಲ್ಲಿ ಫ್ರಾನ್ಸಿನ ಬೊಮಾರ್ಷೆಯ ನಾಟಕ, 1775ರದು. ರೊಸ್ಸೀನಿ ಅದಕ್ಕೆ ಸಂಗೀತ ಕಟ್ಟಿ 1816ರಲ್ಲಿ ರೋಮಿನಲ್ಲಿ ಆಡಿಸಿದ. ಎರಡೂ ಮೊದಲ ರಾತ್ರಿ ಬಿದ್ದುಹೋದವು, ಎರಡೂ ಆಮೇಲೆ ಎದ್ದುನಿಂತವು. ಕಥೆ ಸರಳ. ರೊಸೀನಾ ಎಂಬ ಹುಡುಗಿಯನ್ನು ಪೋಷಕ ಬಾರ್ತೊಲೊ ಮನೆಯಲ್ಲಿ ಕೂಡಿಹಾಕಿದ್ದಾನೆ. ಕಿಟಕಿಯ ಕೆಳಗೆ ಪ್ರಿಯಕರ. ಇಬ್ಬರ ನಡುವೆ ಓಡಾಡುವವನು ಕ್ಷೌರಿಕ ಫಿಗಾರೋ. ಅವನಿಗೊಂದು ಚೀಟಿ ಬರೆ ಎಂದು ಫಿಗಾರೋ ಹುಡುಗಿಯನ್ನು ಪುಸಲಾಯಿಸುತ್ತಾನೆ. ಅವಳು ನಾಚುತ್ತಾಳೆ, ಹಿಂಜರಿಯುತ್ತಾಳೆ. ಕೊನೆಗೆ ‘ಚೀಟಿಯೇ? ಇಗೋ’ ಎಂದು ಆಗಲೇ ಬರೆದಿಟ್ಟಿದ್ದನ್ನು ತೆಗೆದುಕೊಡುತ್ತಾಳೆ. ಸಭೆ ನಗೆಯಲ್ಲಿ ಮುಳುಗುತ್ತದೆ. ಫಿಗಾರೋನ ಕಲ್ಪನೆ ಹೊತ್ತಿಕೊಳ್ಳುವುದು ಹೊನ್ನಿನಿಂದ. ಆ ಲೋಹದ ನೆನಪಾದರೆ ಸಾಕು, ತನ್ನ ತಲೆ ಜ್ವಾಲಾಮುಖಿಯಾಗುತ್ತದೆ ಎಂದು ಅವನೇ ಹಾಡುತ್ತಾನೆ. ಕಾಗದ ಮುಟ್ಟಿಸಿದ, ಕೂಲಿ ಪಡೆದ. ಅಲ್ಲಿಗೆ ಅವನ ಹೃದಯದ ವಿಚಾರ ಮುಗಿಯಿತು.

ಈಗ ಕಾಲುವೆಯ ದಂಡೆಗೆ ಬರೋಣ. ಬಾಡಿಗೆಯ ತರುಣ ಒಂದು ವರ್ಷದ ನಂತರ ಮರಳುತ್ತೇನೆ ಎಂದು ಹೇಳಿ ಹೋಗಿದ್ದ. ವರ್ಷ ತುಂಬಿದೆ, ಅವನು ಊರಿಗೆ ಬಂದಿದ್ದಾನೆ, ಅವಳ ಬಳಿಗೆ ಬಂದಿಲ್ಲ. ‘ಅವನಿಗೊಂದು ಕಾಗದ ಬರೆಯಿರಿ’ ಎನ್ನುತ್ತಾನೆ ಕನಸುಗಾರ. ಅವಳು ಸಾಧ್ಯವಿಲ್ಲ ಎನ್ನುತ್ತಾಳೆ. ಇವನು ಬಿಡುವುದಿಲ್ಲ. ಹೀಗೆ ಶುರು ಮಾಡಿ, ಹೀಗೆ ಹೇಳಿ, ಒಂದು ವರ್ಷ ಆಸೆಯಿಂದಲೇ ಸುಖವಾಗಿದ್ದೆ ಎಂದು ಬರೆಯಿರಿ, ಅವನ ಮನಸ್ಸು ನೋಯದಂತೆ ಬರೆಯಿರಿ ಎಂದು ಇಡೀ ಒಕ್ಕಣೆಯನ್ನು ಬಾಯಲ್ಲೇ ಕಟ್ಟಿಕೊಡುತ್ತಾನೆ. ವರ್ಷಗಟ್ಟಲೆ ಕೋಣೆಯಲ್ಲಿ ಕುಳಿತು ಇಲ್ಲದ ಪ್ರೇಯಸಿಯರಿಗಾಗಿ ಕೂಡಿಟ್ಟ ಮಾತುಗಳೆಲ್ಲ ಈಗ ಹೊರಬರುತ್ತವೆ. ಬರುವುದು ಇನ್ನೊಬ್ಬನ ಸುಖಕ್ಕಾಗಿ. ತಾನು ಪ್ರೀತಿಸುವ ಹುಡುಗಿ ಬೇರೆಯವನನ್ನು ಹೇಗೆ ಬಯಸುತ್ತಿದ್ದಾಳೆ ಎಂಬುದನ್ನು ಅವಳಿಗಿಂತ ಚೆನ್ನಾಗಿ ಕಲ್ಪಿಸಿಕೊಂಡು ಅವಳಿಗೇ ಕೊಡುತ್ತಾನೆ. ಈ ಕಥೆಯ ಕನಸುಗಾರನನ್ನು ಕೈಲಾಗದವನು, ತನ್ನಲ್ಲೇ ಮುಳುಗಿದವನು ಎನ್ನುವವರಿದ್ದಾರೆ. ಅವರು ಈ ಒಂದು ಪುಟವನ್ನು ಇನ್ನೊಮ್ಮೆ ಓದಬೇಕೆಂದು ನನ್ನ ಪ್ರಾರ್ಥನೆ.

ಆಗ ನಾಸ್ತೆಂಕಾ ಮುಖ ಬೇರೆಡೆಗೆ ತಿರುಗಿಸಿಕೊಂಡು ಅವನ ಕೈಗೆ ಕಾಗದ ತುರುಕುತ್ತಾಳೆ. ಎಂದೋ ಬರೆದು, ಮುದ್ರೆ ಹಾಕಿ ಸಿದ್ಧವಾಗಿಟ್ಟಿದ್ದ ಕಾಗದ. ಅವನಿಗೆ ಥಟ್ಟನೆ ಏನೋ ನೆನಪಾಗುತ್ತದೆ. ‘ರೊ…’ ಎಂದು ಶುರು ಮಾಡುತ್ತಾನೆ, ‘ಸೀ… ನಾ…’ ‘ರೊಸೀನಾ!’ ಎಂದು ಇಬ್ಬರೂ ಒಟ್ಟಿಗೆ ಹಾಡುತ್ತಾರೆ. ಅವಳ ಮುಖ ಕೆಂಪೇರುತ್ತದೆ. ಕಪ್ಪು ರೆಪ್ಪೆಗಳ ಮೇಲೆ ಮುತ್ತಿನಂತೆ ನಡುಗುವ ಕಣ್ಣೀರಿನ ನಡುವೆಯೇ ನಗುತ್ತಾಳೆ.

ನಾನು ಓದಿದ ಪ್ರೇಮಕಥೆಗಳಲ್ಲಿ ಇದಕ್ಕಿಂತ ಸಂತೋಷದ ಗಳಿಗೆ ಬೇರೊಂದಿಲ್ಲ. ಇದಕ್ಕಿಂತ ನೋವಿನದೂ ಇಲ್ಲ. ಹಾಡಿನ ಆ ಮೂರು ಅಕ್ಷರಗಳಲ್ಲಿ ಅವಳು ರೊಸೀನಾ ಆದಳು. ಅದೇ ಉಸಿರಿನಲ್ಲಿ ಇವನು ಫಿಗಾರೋ ಆಗಿಬಿಟ್ಟ, ಕೂಲಿ ಕೇಳದ ಫಿಗಾರೋ. ಪಾತ್ರ ಹಂಚಿಕೆ ಮುಗಿದುಹೋಯಿತು, ಮತ್ತು ಅದನ್ನು ಹಂಚಿದವನು ಸ್ವತಃ ಅವನೇ.

ಮುಂದಿನದು ಬೇಗ ಮುಗಿಯುತ್ತದೆ. ಮೂರನೆಯ ರಾತ್ರಿ ಅವಳು ಕಾದದ್ದೇ ಬಂತು. ನಾಲ್ಕನೆಯ ರಾತ್ರಿ ಇವನು ಮನಸ್ಸು ಬಿಚ್ಚುತ್ತಾನೆ, ಅವಳು ಒಪ್ಪುತ್ತಾಳೆ, ಇಬ್ಬರೂ ಮಕ್ಕಳಂತೆ ಬೀದಿ ಸುತ್ತುತ್ತಾ ಮನೆ ಮಾಡುವ ಮಾತಾಡುತ್ತಾರೆ. ಅಷ್ಟರಲ್ಲಿ ಆ ಇನ್ನೊಬ್ಬ ಎದುರಾಗುತ್ತಾನೆ. ಅವಳು ಅತ್ತ ಓಡುತ್ತಾಳೆ, ಮತ್ತೆ ಇತ್ತ ಓಡಿಬಂದು ಇವನನ್ನು ಬಿಗಿದಪ್ಪಿ ಮುತ್ತಿಡುತ್ತಾಳೆ, ಒಂದು ಮಾತೂ ಆಡದೆ ಅವನ ಜೊತೆ ಹೊರಟುಹೋಗುತ್ತಾಳೆ. ಬೆಳಗಾದರೆ ಮಳೆ. ಮನೆಕೆಲಸದ ಮತ್ರ್ಯೋನಾ ಕಾಗದ ತಂದುಕೊಡುತ್ತಾಳೆ, ಸೂರಿನ ಜೇಡರ ಬಲೆಯನ್ನೆಲ್ಲ ತೆಗೆದೆ ಎನ್ನುತ್ತಾಳೆ. ಈ ಸಲ ಕಾಗದ ಇವನ ಹೆಸರಿಗೇ ಬಂದಿದೆ. ಮುಂದಿನ ವಾರ ಅವಳ ಮದುವೆ.

‘ಮಿಡ್‌ಸಮ್ಮರ್’ನ ಕೊನೆಯ ಅಂಕದಲ್ಲಿ ಥೀಸಿಯಸ್, ಹುಚ್ಚರು, ಪ್ರೇಮಿಗಳು, ಕವಿಗಳು ಬರೀ ಕಲ್ಪನೆಯಿಂದ ಆದವರು ಎಂದು ಎಲ್ಲವನ್ನೂ ತಳ್ಳಿಹಾಕುತ್ತಾನೆ. ಆ ಮಾತು ತುಂಬ ಪ್ರಸಿದ್ಧ. ಅದಕ್ಕೆ ಹಿಪಾಲಿಟಾ ಕೊಡುವ ಉತ್ತರವನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಅಷ್ಟು ಜನರ ಮನಸ್ಸು ಒಟ್ಟಿಗೇ ಹೀಗೆ ಬದಲಾಗಿರುವಾಗ ಇದು ಬರೀ ಭ್ರಮೆಯಲ್ಲ, ಇದರಲ್ಲಿ ಏನೋ ಗಟ್ಟಿಯಾದದ್ದಿದೆ ಎನ್ನುತ್ತಾಳೆ ಅವಳು. ನಾನು ರಾಣಿಯ ಪಕ್ಷ. ಅದಕ್ಕೇ ಕಥೆಯ ಒಂದು ಸಣ್ಣ ವಿವರದ ಬಗ್ಗೆ ಮತ್ತೆ ಮತ್ತೆ ಯೋಚಿಸುತ್ತೇನೆ.

ಸಂಗೀತನಾಟಕಕ್ಕೆ ಕರೆ ಬಂದಾಗ ಅಜ್ಜಿ ಬೆರಗಾಗಿ, ಹಿಂದಿನ ಕಾಲದಲ್ಲಿ ಆಡುತ್ತಿದ್ದ ಅದೇ ‘ಕ್ಷೌರಿಕ’ವೇ ಎಂದು ಕೇಳುತ್ತಾಳೆ. ತಾನೂ ಹರೆಯದಲ್ಲಿ ಮನೆಯ ನಾಟಕದಲ್ಲಿ ರೊಸೀನಾಳ ಪಾತ್ರ ಹಾಡಿದ್ದೆ ಎನ್ನುತ್ತಾಳೆ. ಪಿನ್ನು ಚುಚ್ಚಿ ಹುಡುಗಿಯನ್ನು ಕಟ್ಟಿಹಾಕಿದ ಆ ಮುದುಕಿ ಒಂದು ಕಾಲದ ರೊಸೀನಾ! ಕಣ್ಣು ಕಾಣದಿದ್ದರೂ ಹಾಡು ಕೇಳಲು ಹೋಗುತ್ತಾಳೆ. ಆ ರಾತ್ರಿಯೆಲ್ಲ ನಾಸ್ತೆಂಕಾಳ ಕನವರಿಕೆಯಲ್ಲಿ ಅದೇ ನಾಟಕ. ಹೀಗೆ ಆ ಹಾಡು ಅಜ್ಜಿಗೆ ಗೊತ್ತು, ಮೊಮ್ಮಗಳಿಗೆ ಗೊತ್ತು, ಕರೆದುಕೊಂಡು ಹೋದವನಿಗೆ ಗೊತ್ತು. ನಮ್ಮ ಕನಸುಗಾರ ಆ ಸಂಜೆ ಅವರ ಜೊತೆಯಲ್ಲಿ ಇರಲಿಲ್ಲ. ಆದರೂ ಕಾಲುವೆಯ ದಂಡೆಯಲ್ಲಿ ‘ರೊ’ ಎಂದು ಮೊದಲು ಸ್ವರ ಎತ್ತಿದವನು ಅವನೇ. ಅವನು ಅದನ್ನು ಎಲ್ಲಿ ಕೇಳಿದ್ದ, ಯಾರ ಪಕ್ಕದಲ್ಲಿ ಕುಳಿತು ಕೇಳಿದ್ದ ಎಂದು ಕಥೆ ಹೇಳುವುದಿಲ್ಲ. ಯಾವುದೋ ಸಂಜೆ, ಅಗ್ಗದ ಟಿಕೆಟಿನ ಸಾಲಿನಲ್ಲಿ, ಒಬ್ಬನೇ ಕುಳಿತಿದ್ದಿರಬೇಕು.