ಸಂಜೆಗೆ ಮುಚ್ಚುವಷ್ಟೇ ಬಿಚ್ಚಿ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಹೆಚ್ಚಿನವರು ಚಾವಣಿ ಕೆಲಸ ಮಾಡಿದವರು, ಇಲ್ಲವೇ ಮಾಡಿಸಿದವರು. ಮಾಡಿನ ಭಾರ ಹೊರುವ ಇಳಿಜಾರಿನ ಮರ ಪಕಾಸಿ, ಅದರ ಮೇಲೆ ಅಡ್ಡಕ್ಕೆ ಹೊಡೆಯುವ ಪಟ್ಟಿ ರೀಪು ಅಂತ ನಾನು ಹೇಳಬೇಕಾಗಿಲ್ಲ. ಮನೆ ಚಾವಣಿ ಕೆಲಸವನ್ನು ಸೈಟಿನಲ್ಲಿ ನಿಂತು ಹೇಗೆ ನಡೆಸಬೇಕು, ಅದರ ಬಗ್ಗೆ ಮಾತಾಡಿ ಅಂದರು. ಎಂಟು ವಿಷಯ ಬರೆದುಕೊಂಡು ಬಂದಿದ್ದೇನೆ. ಆದರೆ ಮೊದಲನೆಯದರ ಬಗ್ಗೆಯೇ ನನಗೆ ಹೇಳುವುದು ಜಾಸ್ತಿ ಇದೆ. ಉಳಿದದ್ದನ್ನು ಸಮಯ ಸಿಕ್ಕಷ್ಟು ಹೇಳುತ್ತೇನೆ.

ಆ ಮೊದಲನೆಯದು ಇಷ್ಟೇ. ಜನ ವಾಸವಿರುವ ಮನೆಯ ಹಳೇ ಮಾಡನ್ನು, ಅಂದರೆ ಇಳಿಜಾರು ಚಾವಣಿಯನ್ನು, ಬಿಚ್ಚುವಾಗ, ಸಂಜೆಯೊಳಗೆ ಮುಚ್ಚಲು ಆಗುವಷ್ಟನ್ನೇ ಬೆಳಗ್ಗೆ ಬಿಚ್ಚಿ.

ಇದು ಎಲ್ಲರಿಗೂ ಗೊತ್ತಿರುವ ಮಾತು. ನನಗೂ ಗೊತ್ತಿತ್ತು. ಗೊತ್ತಿದ್ದೂ ಒಂದು ದಿನ ಮೀರಿದೆ. ಆ ದಿನದ ಕಥೆ ಹೇಳದೆ ಮುಂದೆ ಹೋಗಲು ನನಗೆ ಆಗುವುದಿಲ್ಲ.

ಹೆಂಚಿನ ಮನೆ. ಎರಡು ಮಾಡು ಒಂದಕ್ಕೊಂದು ಅಡ್ಡವಾಗಿ ಸೇರುತ್ತಿದ್ದವು, ಮಧ್ಯೆ ಒಂದು ವ್ಯಾಲಿ, ಅಂದರೆ ಎರಡರ ನೀರೂ ಹರಿದು ಬರುವ ತಗ್ಗು. ಮನೆಯಲ್ಲಿ ಅಜ್ಜಿ, ಗಂಡ ಹೆಂಡತಿ, ಶಾಲೆಗೆ ಹೋಗುವ ಒಬ್ಬ ಮಗಳು. ಅವರು ಬೇರೆ ಕಡೆ ಹೋಗಿರಲಿಲ್ಲ. ನಾಲ್ಕು ದಿನದ ಕೆಲಸ ಅಂತ ನಾನೇ ಭಾಗ ಮಾಡಿದ್ದೆ. ದಿನಕ್ಕೆ ಒಂದು ಭಾಗ ಬಿಚ್ಚುವುದು, ಮರ ನೋಡುವುದು, ರೀಪು ಹೊಡೆಯುವುದು, ಮುಚ್ಚುವುದು. ಆರು ಜನ ಬರಬೇಕಿತ್ತು. ಬೇರೆ ಸೈಟಿನಲ್ಲಿ ಕೆಲಸ ನಿಂತಿತ್ತಂತೆ, ಹನ್ನೊಂದು ಜನ ಬಂದರು. ಮೇಸ್ತ್ರಿ ಬಂದು, "ಸಾರ್, ಜನ ಇದ್ದಾರೆ, ಬಿಸಿಲೂ ಚೆನ್ನಾಗಿದೆ, ಇವತ್ತೇ ಪೂರ್ತಿ ಇಳಿಸಿಬಿಡೋಣ" ಅಂದರು. ನಾನು ಹೂಂ ಅಂದೆ.

ಮಧ್ಯಾಹ್ನದೊಳಗೆ ಇಡೀ ಮಾಡು ಖಾಲಿ. ನೋಡಲು ಖುಷಿಯಾಗುತ್ತಿತ್ತು. ಹೆಂಚೆಲ್ಲ ಕೆಳಗೆ ಸಾಲಾಗಿ ಜೋಡಿಸಿದ್ದರು. ಆಮೇಲೆ ಬಡಗಿ ಮೇಲಿನಿಂದ ಕೂಗಿದರು. ವ್ಯಾಲಿಯ ಹತ್ತಿರ ಮೂರು ಪಕಾಸಿಗಳ ಬುಡ ಕೊಳೆತಿದೆ, ಕೈಯಲ್ಲಿ ಹಿಡಿದರೆ ಪುಡಿಯಾಗಿ ಬರುತ್ತಿದೆ. ಆ ಅಳತೆಯ ಮರ ಸೈಟಿನಲ್ಲಿ ಇರಲಿಲ್ಲ. ಎರಡು ಗಂಟೆಗೆ ಬರಬೇಕಾದ ರೀಪಿನ ಲಾರಿಯೂ ಬರಲಿಲ್ಲ. ನಾಲ್ಕು ಗಂಟೆಗೆ ಗಾಳಿ ತಿರುಗಿತು. ಇದ್ದದ್ದು ಎರಡು ಟಾರ್ಪಾಲು. ಅದರಲ್ಲಿ ಒಂದರ ಮೇಲೆ ಸಿಮೆಂಟ್ ಕಲಸಿದ್ದರು, ತುಂಬಾ ತೂತು. ಹೇಗೋ ಎಳೆದು ಕಟ್ಟಿದೆವು.

ರಾತ್ರಿ ಒಂದೂವರೆಗೆ ಫೋನ್ ಬಂತು. ಮುಂದಿನ ಸಾಲಿನಲ್ಲಿ ಒಬ್ಬರು ತಲೆ ಆಡಿಸುತ್ತಿದ್ದಾರೆ. ನಿಮಗೂ ಅಂಥ ಫೋನ್ ಬಂದಿರಬೇಕು ಅಲ್ವಾ?

ಒಂದು ಲೆಕ್ಕ ಹೇಳುತ್ತೇನೆ, ಇದನ್ನು ಮರೆಯಬೇಡಿ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಅದು 1 ಲೀಟರ್ ನೀರು. ಮನೆ 100 ಚದರ ಮೀಟರ್, ಮಳೆ 20 ಮಿ.ಮೀ. ಅಂದುಕೊಳ್ಳಿ. 2,000 ಲೀಟರ್. ಒಂದು ದೊಡ್ಡ ಟ್ಯಾಂಕನ್ನು ಮನೆಯ ನಡುಮನೆಯಲ್ಲಿ ಮಗುಚಿದ ಹಾಗೆ. ಮತ್ತೆ ಆ ಟಾರ್ಪಾಲು. ನಾವು ಅದನ್ನು ಪಕಾಸಿಯಿಂದ ಪಕಾಸಿಗೆ ಬರೀ ಎಳೆದು ಕಟ್ಟಿದ್ದೆವು, ಕೆಳಗೆ ಆಸರೆ ಇರಲಿಲ್ಲ. ಮಧ್ಯೆ ಜೋತು ಬಿತ್ತು, ನೀರು ನಿಂತಿತು. ಒಂದು ಚದರ ಮೀಟರ್ ಜಾಗದಲ್ಲಿ 10 ಸೆಂ.ಮೀ. ನೀರು ನಿಂತರೆ ಅದರ ತೂಕ 100 ಕಿಲೋ. ಹಗ್ಗದ ಕಣ್ಣು ಹರಿಯಿತು. ನಿಂತ ನೀರೆಲ್ಲ ಒಂದೇ ಸಲ ಒಳಗೆ ಬಿತ್ತು.

ಅಜ್ಜಿಯನ್ನು ಆ ಕೋಣೆಯಿಂದ ಆಗಲೇ ಎಬ್ಬಿಸಿ ಕರೆದುಕೊಂಡು ಹೋಗಿದ್ದರು, ಅದೊಂದು ಪುಣ್ಯ. ನಾನು ಬೆಳಗ್ಗೆ ಹೋದಾಗ ಆ ಹುಡುಗಿ ಮೆಟ್ಟಿಲ ಮೇಲೆ ತನ್ನ ನೋಟ್ ಪುಸ್ತಕಗಳನ್ನು ಬಿಚ್ಚಿ ಒಣಗಿಸುತ್ತಿದ್ದಳು. ಒಂದೊಂದೇ ಹಾಳೆ ಬಿಡಿಸುತ್ತಿದ್ದಳು. ಶಾಯಿಯೆಲ್ಲ ಹರಡಿತ್ತು. ಅವಳ ಅಮ್ಮ ನನ್ನನ್ನು ಬೈಯಲಿಲ್ಲ. "ಇವತ್ತಾದರೂ ಮುಚ್ಚುತ್ತೀರಾ?" ಅಂತ ಮಾತ್ರ ಕೇಳಿದರು.

ಮಳೆ ಬಂತು ಅಂತಲೋ ಲಾರಿ ಬರಲಿಲ್ಲ ಅಂತಲೋ ನಾನು ಯಾವತ್ತೂ ಹೇಳಲಿಲ್ಲ. ತಪ್ಪು ಆಗಿದ್ದು ಬೆಳಗ್ಗೆ, ನಾನು ಹೂಂ ಅಂದಾಗ. ಆರು ಜನರ ಬದಲು ಹನ್ನೊಂದು ಜನ ಬಂದರೆ ಬಿಚ್ಚುವುದು ಬೇಗ ಆಗುತ್ತದೆ. ಮುಚ್ಚುವುದು ಬೇಗ ಆಗುವುದಿಲ್ಲ. ಬಿಚ್ಚಲು ಕೈ ಸಾಕು. ಮುಚ್ಚಲು ಮರ ಬೇಕು, ರೀಪು ಬೇಕು, ನೂಲು ಹಿಡಿದು ಸಾಲು ನೋಡುವ ಕಣ್ಣು ಬೇಕು.

ಹಾಗಾಗಿ ಲೆಕ್ಕವನ್ನು ಹಿಂದಿನಿಂದ ಹಾಕಿ. ಈ ಗ್ಯಾಂಗ್ ಒಂದು ದಿನಕ್ಕೆ ಎಷ್ಟು ಮುಚ್ಚುತ್ತದೆ? ನಿಮ್ಮ ಹಿಂದಿನ ಕೆಲಸದ ಡೈರಿಯಲ್ಲಿ ಇರುತ್ತದೆ, ತೆಗೆದು ನೋಡಿ. ಅದರಲ್ಲಿ ಕಾಲು ಭಾಗ ಕಳೆಯಿರಿ, ಕೊಳೆತ ಮರ ಸಿಕ್ಕೇ ಸಿಗುತ್ತದೆ ಅಂತ ಇಟ್ಟುಕೊಳ್ಳಿ. ಉಳಿದಷ್ಟನ್ನೇ ಬೆಳಗ್ಗೆ ಬಿಚ್ಚಿ. ಸೀಮೆಸುಣ್ಣದಲ್ಲಿ ಮಾಡಿನ ಮೇಲೆ ಗೆರೆ ಹಾಕಿ, ಇವತ್ತು ಇದರಾಚೆ ಯಾರೂ ಒಂದು ಹೆಂಚೂ ತೆಗೆಯಬಾರದು ಅಂತ ಹೇಳಿ. ಆ ಗೆರೆ ಎಳೆಯುವುದು ಸೂಪರ್ವೈಸರ್ ಕೆಲಸ. ಮೇಸ್ತ್ರಿಗೆ ಬಿಡಬೇಡಿ. ಅವರಿಗೆ ಕೆಲಸ ಓಡಬೇಕು, ಅದು ಸಹಜ. ರಾತ್ರಿ ಫೋನ್ ಬರುವುದು ನಿಮಗೆ.

ಒಬ್ಬ ಹುಡುಗ ಕೇಳಿದ್ದ: "ಸಾರ್, ಹೆಂಚು ಹಾಕದಿದ್ದರೂ ಅದರ ಕೆಳಗಿನ ವಾಟರ್‌ಪ್ರೂಫ್ ಶೀಟ್ ಹಾಸಿದರೆ ಮುಚ್ಚಿದ ಹಾಗೆ ಅಲ್ವಾ?" ಒಳ್ಳೇ ಪ್ರಶ್ನೆ. ಒಂದೆರಡು ರಾತ್ರಿಯ ಮಟ್ಟಿಗೆ ಹೌದು. ಆದರೆ ಕೆಳಗಿನಿಂದ ಮೇಲಕ್ಕೆ ಹಾಸಿರಬೇಕು, ಮೇಲಿನ ಶೀಟ್ ಕೆಳಗಿನದರ ಮೇಲೆ ಕನಿಷ್ಠ 150 ಮಿ.ಮೀ. ಬಂದಿರಬೇಕು, ರೀಪು ಹೊಡೆದು ಹಿಡಿದಿರಬೇಕು. ಸುಮ್ನೆ ಹಾಸಿ ನಾಲ್ಕು ಇಟ್ಟಿಗೆ ಇಟ್ಟರೆ ಅದು ಮುಚ್ಚಿದ ಹಾಗಲ್ಲ. ಗಾಳಿ ಇಟ್ಟಿಗೆಯನ್ನೂ ಕೆಳಗೆ ಬೀಳಿಸುತ್ತದೆ.

ಈಗ ಎರಡನೆಯದು, ಬಿಚ್ಚುವ ಮೊದಲು ನೋಡುವುದು. ಇದೂ ಅದೇ ಮಾತಿನ ಬಾಲವೇ. ಆ ಮೂರು ಪಕಾಸಿ ಕೊಳೆತದ್ದು ಒಂದು ವಾರ ಮೊದಲೇ ನನಗೆ ಗೊತ್ತಾಗಬಹುದಿತ್ತು. ಟಾರ್ಚ್ ಹಿಡಿದು ಅಟ್ಟ ಹತ್ತಬೇಕಿತ್ತು, ಅಷ್ಟೇ. ಪಕಾಸಿ ಗೋಡೆಯ ಮೇಲೆ ಕೂರುವ ಜಾಗ, ವ್ಯಾಲಿಯ ಅಡಿ, ಹೊಗೆ ಕೊಳವೆಯ ಸುತ್ತ. ಕೊಳೆಯುವುದು ಹೆಚ್ಚಾಗಿ ಅಲ್ಲಿಯೇ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಗಟ್ಟಿ ಮರ ತಡೆಯುತ್ತದೆ. ಕೊಳೆತದ್ದರೊಳಗೆ ತುದಿ ಇಳಿದು ಹೋಗುತ್ತದೆ. ಹೀಗೆ ನೋಡಿದರೆ ಬದಲಿ ಮರ ಮೊದಲೇ ಸೈಟಿಗೆ ಬಂದಿರುತ್ತದೆ. ಮನೆಯವರಿಗೂ ಮೊದಲೇ ಹೇಳಿರುತ್ತೀರಿ. ಬಿಚ್ಚಿದ ಮೇಲೆ "ಇನ್ನೂ ಖರ್ಚು ಇದೆ" ಅಂದರೆ ಯಾರು ನಂಬುತ್ತಾರೆ?

ಅಳತೆಯಲ್ಲೂ ಎಚ್ಚರ ಬೇಕು. ನಕ್ಷೆಯಲ್ಲಿ ಕಾಣುವುದು ನೆಲದ ವಿಸ್ತೀರ್ಣ, ಮಾಡಿನದಲ್ಲ. 30 ಡಿಗ್ರಿ ಇಳಿಜಾರಿದ್ದರೆ 100 ಚದರ ಮೀಟರ್ ನೆಲಕ್ಕೆ ಮಾಡು 115ಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತದೆ. 45 ಡಿಗ್ರಿ ಆದರೆ 141. ಸೂರು ಹೊರಗೆ ಚಾಚಿದ್ದನ್ನೂ ಸೇರಿಸಬೇಕು, ಒಡೆಯುವುದಕ್ಕೂ ಕತ್ತರಿಸುವುದಕ್ಕೂ ಬೇರೆ. ಹೆಂಚು ಕಡಿಮೆ ಬಿದ್ದರೆ ಏನಾಗುತ್ತದೆ? ಮಾಡು ತೆರೆದೇ ಉಳಿಯುತ್ತದೆ. ಮತ್ತೆ ಅಲ್ಲಿಗೇ ಬಂದೆ ನೋಡಿ.

ಮೂರನೆಯದು ತೂಕ. ಹೆಂಚು ಇಳಿಸುವಾಗ ಒಂದು ಕಡೆಯ ಇಳಿಜಾರನ್ನು ಪೂರ್ತಿ ಖಾಲಿ ಮಾಡಿ ಇನ್ನೊಂದು ಕಡೆ ಭಾರ ಹಾಗೇ ಬಿಡಬೇಡಿ. ಹಳೇ ಮರ ಒಂದು ಪಕ್ಕಕ್ಕೆ ವಾಲುತ್ತದೆ. ಎರಡೂ ಕಡೆ ಸರಿಸಮವಾಗಿ ಇಳಿಸಿ. ಹೊಸದನ್ನು ಏರಿಸುವಾಗಲೂ ಅಷ್ಟೇ, ಒಂದೇ ಕಡೆ ರಾಶಿ ಹಾಕಬೇಡಿ, ಹರಡಿ ಇಡಿ.

ನಾಲ್ಕನೆಯದು ಬೀಳುವುದು. ಇದನ್ನು ಬೇಗ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ.

ಆ ದಿನದ ಕಥೆಯಲ್ಲಿ ಒಂದು ಭಾಗ ಆಗ ಹೇಳಲಿಲ್ಲ. ಸಂಜೆ ಟಾರ್ಪಾಲು ಕಟ್ಟುವಾಗ ಹನಿ ಶುರುವಾಗಿತ್ತು. ಎಲ್ಲರಿಗೂ ಗಾಬರಿ, ನಾನೇ ಕೆಳಗಿನಿಂದ "ಬೇಗ, ಬೇಗ" ಅಂತ ಕೂಗುತ್ತಿದ್ದೆ. ಮಾಡಿನ ನೆತ್ತಿಯ ಮೇಲೆ ಇಬ್ಬರು ಹುಡುಗರು ಟಾರ್ಪಾಲಿನ ತುದಿ ಹಿಡಿದು ನಿಂತಿದ್ದರು. ಬೆಲ್ಟ್ ಹಾಕಿರಲಿಲ್ಲ. ಒಂದು ಗಾಳಿ ಬೀಸಿತು. ಟಾರ್ಪಾಲು ಹಾಯಿ ತರಹ ಉಬ್ಬಿತು. ಒಬ್ಬ ಹುಡುಗನನ್ನು ಎರಡು ಹೆಜ್ಜೆ ಎಳೆದುಕೊಂಡು ಹೋಯಿತು. ಅವನ ಕಾಲು ಒದ್ದೆ ಪಕಾಸಿಯ ಮೇಲೆ ಜಾರಿತು. ಪಕ್ಕದವನು ಅವನ ಅಂಗಿ ಹಿಡಿದ. ಅಂಗಿ ಹರಿಯಿತು, ಆದರೆ ಅಷ್ಟರಲ್ಲಿ ಇವನು ಮರ ತಬ್ಬಿಕೊಂಡಿದ್ದ.

ಒದ್ದೆಯಾದ ಪುಸ್ತಕಕ್ಕೆ ಹೊಸ ಪುಸ್ತಕ ಕೊಡಬಹುದು, ಕೊಟ್ಟೆವು. ಆ ಹುಡುಗ ಬಿದ್ದಿದ್ದರೆ ನಾನು ಅವನ ಮನೆಗೆ ಏನು ಕೊಡಬಹುದಿತ್ತು? ನಾನು ಆ ಗೆರೆಯ ಬಗ್ಗೆ ಇಷ್ಟು ಹಟ ಹಿಡಿಯುವುದು ನೀರಿಗಿಂತ ಹೆಚ್ಚಾಗಿ ಇದಕ್ಕೆ. ಜಾಸ್ತಿ ಬಿಚ್ಚಿದರೆ ಸಂಜೆ ಅವಸರ. ಒದ್ದೆ ಮಾಡು, ಕಡಿಮೆ ಬೆಳಕು, ದಣಿದ ಜನ, ಕೈಯಲ್ಲಿ ಗಾಳಿ ಹಿಡಿಯುವ ಟಾರ್ಪಾಲು, ಕೆಳಗಿನಿಂದ ಕೂಗುವ ಸೂಪರ್ವೈಸರ್. ಇಷ್ಟೂ ಒಟ್ಟಿಗೆ ಸೇರುವುದು ಬೆಳಗಿನ ಆ ಒಂದು ತೀರ್ಮಾನದಿಂದ.

ಬಹಳ ದೇಶಗಳಲ್ಲಿ ಕಟ್ಟಡ ಕೆಲಸದ ಸಾವುಗಳಿಗೆ ಮೊದಲ ಕಾರಣ ಎತ್ತರದಿಂದ ಬೀಳುವುದೇ. ಅಮೆರಿಕದಲ್ಲಿ ಮನೆ ಕಟ್ಟುವ ಕೆಲಸದಲ್ಲಿ 6 ಅಡಿ ಎತ್ತರದಿಂದಲೇ ಬೀಳದ ಹಾಗೆ ರಕ್ಷಣೆ ಇರಬೇಕು ಅನ್ನುವ ನಿಯಮ ಇದೆ. 6 ಅಡಿ ಅಂದರೆ ಒಬ್ಬ ಮನುಷ್ಯನ ಎತ್ತರ. ನಾವು ಅದನ್ನು ಎತ್ತರ ಅಂತಲೇ ಅಂದುಕೊಳ್ಳುವುದಿಲ್ಲ.

ಅಂಚಿಗೆ ಸಾರ್ವೆ ಮತ್ತು ಅಡ್ಡ ಕಂಬಿ ಮೊದಲು, ಬೆಲ್ಟ್ ಆಮೇಲೆ. ಕಂಬಿ ಎಲ್ಲರನ್ನೂ ಕಾಯುತ್ತದೆ. ಬೆಲ್ಟ್ ಹಾಕಿಕೊಂಡವನನ್ನು ಮಾತ್ರ ಕಾಯುತ್ತದೆ, ಅದೂ ಗಟ್ಟಿಯಾದ ಜಾಗಕ್ಕೆ ಕೊಕ್ಕೆ ಸಿಕ್ಕಿಸಿದ್ದರೆ. ರೀಪಿಗೆ ಸಿಕ್ಕಿಸಿದ ಬೆಲ್ಟ್ ಇದ್ದೂ ಇಲ್ಲದ ಹಾಗೆ. ಏಣಿಯ ಬುಡ ನಾಲ್ಕು ಪಾಲು ಎತ್ತರಕ್ಕೆ ಒಂದು ಪಾಲು ಗೋಡೆಯಿಂದ ಹೊರಗಿರಲಿ. ಹತ್ತುವ ಅಂಚಿಗಿಂತ ಸುಮಾರು 1 ಮೀಟರ್ ಮೇಲಕ್ಕೆ ಚಾಚಿರಲಿ, ಇಳಿಯುವಾಗ ಕೈಗೆ ಹಿಡಿತ ಬೇಕಲ್ಲ. ಮೇಲ್ತುದಿ ಕಟ್ಟಿರಲಿ.

ಹಳೇ ಸಿಮೆಂಟ್ ಶೀಟ್ ಮಾಡುಗಳ ಬಗ್ಗೆ ಒಂದು ಮಾತು. ಅವು ನೋಡಲು ಗಟ್ಟಿ. ಕಾಲಿಟ್ಟರೆ ಕುಸಿಯುತ್ತವೆ. ಬೆಳಕಿಗಾಗಿ ಹಾಕಿದ ಪ್ಲಾಸ್ಟಿಕ್ ಶೀಟಿಗೆ ಧೂಳು ಕೂತರೆ ಪಕ್ಕದ ಶೀಟಿಗೂ ಅದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಹಲಗೆ ಹಾಸದೆ ಯಾರೂ ಹತ್ತಬಾರದು. ಆ ಶೀಟಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದರ ಧೂಳು ಕ್ಯಾನ್ಸರ್ ತರುತ್ತದೆ, ಅದರಲ್ಲಿ ಅನುಮಾನ ಇಲ್ಲ. ಒಡೆಯಬೇಡಿ, ಕೊರೆಯಬೇಡಿ. ಅದನ್ನು ತೆಗೆಯಲು ತರಬೇತಿ ಇದ್ದವರೇ ಬೇಕು. ಒದ್ದೆ ಮಾಡಿ, ಇಡೀ ಶೀಟನ್ನು ಹಾಗೇ ಇಳಿಸಿ, ಸುತ್ತಿ ಕಟ್ಟಬೇಕು. ಮೇಲಿನಿಂದ ಎಸೆಯುವುದನ್ನು ಕಂಡರೆ ಅಲ್ಲೇ ನಿಲ್ಲಿಸಿ.

ಚೀಟಿ ಬಂತು, ಹತ್ತು ನಿಮಿಷ ಅಂತೆ. ಸರಿ.

ಐದನೆಯದು ಫ್ಲಾಶಿಂಗ್, ಅಂದರೆ ಮಾಡು ಸೇರುವ ಕಡೆ ನೀರು ಒಳಗಿಳಿಯದ ಹಾಗೆ ಹಾಕುವ ತಗಡು. ಮಾಡಿನ ನಡುವೆ ಸೋರುವುದು ಅಪರೂಪ. ಸೋರುವುದು ಸೇರುವ ಕಡೆ: ಗೋಡೆಗೆ ಮಾಡು ತಾಗುವ ಗೆರೆ, ವ್ಯಾಲಿ, ಪೈಪು ಹೊರಬರುವ ತೂತು. ಗೋಡೆಗೆ ತಗಡು ಒರಗಿಸಿ, ಮೇಲಂಚಿಗೆ ಅಂಟು ಬಳಿದು ಹೋಗುತ್ತಾರೆ. ಅಂಟು ಬಿಸಿಲಿಗೆ ಬಿರಿಯುತ್ತದೆ, ನೀರು ತಗಡಿನ ಹಿಂದೆ ಇಳಿಯುತ್ತದೆ. ಗೋಡೆಯಲ್ಲಿ ಗ್ರೂವ್ ಹೊಡೆದು ತಗಡಿನ ಮೇಲಂಚನ್ನು ಒಳಗೆ ತೂರಿಸಬೇಕು, ಇಲ್ಲವೇ ಹಾಗೆ ತೂರಿಸಿದ ಇನ್ನೊಂದು ತಗಡು ಮೇಲಿನಿಂದ ಅದನ್ನು ಮುಚ್ಚಬೇಕು. ಮೇಲಿನದು ಯಾವಾಗಲೂ ಕೆಳಗಿನದರ ಮೇಲೆ ಬರಬೇಕು. ಮುಚ್ಚಿದ ಮೇಲೆ ಇದು ಯಾರಿಗೂ ಕಾಣುವುದಿಲ್ಲ, ಆದ್ದರಿಂದ ಮುಚ್ಚುವ ಮುಂಚೆ ನೀವೇ ಹತ್ತಿ ನೋಡಿ, ಫೋಟೋ ತೆಗೆದಿಡಿ. ತಾಮ್ರದ ಮೇಲಿಂದ ಹರಿದ ನೀರು ಸತು ಲೇಪಿಸಿದ ತಗಡಿನ ಮೇಲೆ ಬೀಳಬಾರದು. ಸತುವನ್ನು ಬೇಗ ತಿನ್ನುತ್ತದೆ.

ಆರನೆಯದು ಉಕ್ಕಿನ ಶೀಟಿನ ಮಾಡು, ಚುಟುಕಾಗಿ. ಬಣ್ಣದ ಶೀಟನ್ನು ಗ್ರೈಂಡರ್‌ನಲ್ಲಿ ಕತ್ತರಿಸಬೇಡಿ. ಅಂಚಿನ ಲೇಪ ಸುಡುತ್ತದೆ, ಹಾರಿದ ಕಿಡಿ ಕೂತ ಕಡೆಯೆಲ್ಲ ತುಕ್ಕು ಚುಕ್ಕೆ ಬರುತ್ತದೆ. ಸ್ಕ್ರೂವಿನ ರಬ್ಬರ್ ವಾಷರ್ ಸ್ವಲ್ಪ ಒತ್ತಿಕೊಂಡರೆ ಸಾಕು. ಹೊರಗೆ ಉಬ್ಬಿ ಬಂದರೆ ಬಿಗಿ ಜಾಸ್ತಿಯಾಯಿತು ಅಂತ ಅರ್ಥ. 10 ಮೀಟರ್ ಉದ್ದದ ಉಕ್ಕಿನ ಶೀಟ್ 50 ಡಿಗ್ರಿ ಏರಿಳಿತಕ್ಕೆ ಸುಮಾರು 6 ಮಿ.ಮೀ. ಹಿಗ್ಗಿ ಕುಗ್ಗುತ್ತದೆ, ಅದಕ್ಕೆ ಜಾಗ ಬಿಡಿ.

ಏಳು, ನೀರಿನ ಪರೀಕ್ಷೆ. ಪೈಪನ್ನು ಕೆಳಗಿನಿಂದ ಶುರು ಮಾಡಿ, ಒಂದೊಂದು ಜಾಗದಲ್ಲಿ ಹತ್ತು ನಿಮಿಷ ಹಿಡಿದು, ಮೇಲಕ್ಕೆ ಹೋಗಿ. ಒಬ್ಬರು ಟಾರ್ಚ್ ಹಿಡಿದು ಅಟ್ಟದಲ್ಲಿರಲಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲಿಂದ ಒಳಗೆ ಬಂತು ಅಂತ ಗೊತ್ತಾಗುವುದೇ ಇಲ್ಲ.

ಎಂಟನೆಯದು ಮನೆಯವರ ಜೊತೆ ಮಾತು. ಪೂರ್ತಿ ಹೇಳಲು ಸಮಯ ಇಲ್ಲ. ಪ್ರತಿ ಸಂಜೆ ಹೊರಡುವ ಮೊದಲು ಅವರನ್ನು ಹೊರಗೆ ಕರೆಯಿರಿ. ಇವತ್ತು ಎಲ್ಲಿಯವರೆಗೆ ಮುಚ್ಚಿದೆವು, ನಾಳೆ ಯಾವ ಕೋಣೆಯ ಮೇಲೆ ಬಿಚ್ಚುತ್ತೇವೆ ಅಂತ ಬೆರಳು ತೋರಿಸಿ ಹೇಳಿ. ಆ ಕೋಣೆಯ ಪುಸ್ತಕ, ಹಾಸಿಗೆ ಅವರು ರಾತ್ರಿಯೇ ಎತ್ತಿಡುತ್ತಾರೆ. ಅಂಗಳದ ಮೊಳೆಗಳನ್ನು ಅಯಸ್ಕಾಂತ ಹಿಡಿದು ಆರಿಸಿ, ಮಕ್ಕಳು ಬರಿಗಾಲಲ್ಲಿ ಓಡಾಡುತ್ತಾರೆ.

ಹೊರಗಿನ ಮೇಜಿನ ಮೇಲೆ ಗೋಡೆ ಮತ್ತು ಮಾಡು ಸೇರುವ ಒಂದು ಮಾದರಿ ಮಾಡಿ ಇಟ್ಟಿದ್ದೇನೆ. ತಗಡುಗಳನ್ನು ಒಂದೊಂದಾಗಿ ಬಿಚ್ಚಿ ಮತ್ತೆ ಜೋಡಿಸಬಹುದು. ಪಕ್ಕದಲ್ಲಿ ಒಂದು ಚೊಂಬು ನೀರಿದೆ. ಸುರಿದು ನೋಡಿ, ನಾನು ಅಲ್ಲೇ ನಿಂತಿರುತ್ತೇನೆ.